ತೇನಿ ಪ್ಲಮ್ಸ್ ಆಗಕಿಲ್ಲ

ತಮಿಳುನಾಡಿನ ತೇನಿ ಬಳಿಯ ಹನುಮಂತನಪಟ್ಟಿಯ ಕನ್ನಡ ಮನೆಮಾತಿನ ದ್ರಾಕ್ಷಿ ಬೆಳೆಗಾರ ತಂಗವೇಲ್ ಗೌಡರಿಗೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಾಗಿರಲಿಲ್ಲ. ಅಂಥವರು ಈಗ, ಹೆಂಡತಿ ಎಷ್ಟು ದಿನದಿಂದ ಕಕ್ಕಸಿನಿಂದ ಬರಿಗೈಯಲ್ಲಿ ಬರುತ್ತಿದ್ದಾಳೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲವರಾಗಿದ್ದರು. ಐದು ದಿನ. (ಯಾರೂ ಕೇಳಬೇಕಾಗಿಯೇ ಇರಲಿಲ್ಲ. ಟೀ ಅಂಗಡಿಯಲ್ಲಿ ತಾವಾಗಿಯೇ ಹೇಳುತ್ತಿದ್ದರು.)

ಮುನಿಯಮ್ಮಾಳ್‌ಗೆ ಎದೆಯಲ್ಲಿ ಗಡ್ಡೆ. ಮಧುರೈಯ ಆಸ್ಪತ್ರೆಯಲ್ಲಿ ಮೂರು ಸಲ ಕೀಮೋ ಆಗಿತ್ತು, ಇನ್ನೂ ಐದು ಬಾಕಿ. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಮೈಯ ಕಸುವು ಹೋಯಿತು. ಹೋಗಬೇಕಾದದ್ದು ಮಾತ್ರ ಹೋಗಲೊಲ್ಲದು. ನೋವಿನ ಮಾತ್ರೆ, ವಾಂತಿ ನಿಲ್ಲಿಸುವ ಮಾತ್ರೆಗಳ ಗುಣವೇ ಅದು ಎಂದು ನರ್ಸಮ್ಮ ಒಂದು ಸಿರಪ್ ಕೊಟ್ಟಿದ್ದರು. ಮಂಗಳವಾರ ಬೆಳಿಗ್ಗೆ ಫೋನಿನಲ್ಲಿ ಇನ್ನೊಂದು ಮಾತೂ ಹೇಳಿದರು: ನಾಳೆ ಸಂಜೆಯೊಳಗೆ ಆಗದಿದ್ದರೆ ಕರೆದುಕೊಂಡು ಬಂದುಬಿಡಿ, ಶುಕ್ರವಾರದ ಕೀಮೋ ಮುಂದಕ್ಕೆ ಹೋಗಬಹುದು.

ಕೀಮೋ ಮುಂದಕ್ಕೆ ಹೋದೀತು, ಗಡ್ಡೆ ಕಾಯುತ್ತದೆಯೇ? ಈ ಪ್ರಶ್ನೆ ಗೌಡರ ಊಟವನ್ನೂ ನಿದ್ದೆಯನ್ನೂ ನುಂಗಿತ್ತು.

ಹೆದರಿದ ಗಂಡಸು ಸುಮ್ಮನೆ ಕೂರುವುದಿಲ್ಲ, ಅಧಿಕಾರ ವಹಿಸಿಕೊಳ್ಳುತ್ತಾನೆ. ಗೌಡರು ಮೊದಲ ದಿನವೇ ಮಲಬದ್ಧತಾ ನಿವಾರಣಾ ಮಹಾಮಂಡಳಿಯನ್ನು ಸ್ಥಾಪಿಸಿ ತಾವೇ ಅಧ್ಯಕ್ಷರಾಗಿದ್ದರು. ಮಗ ಎಳಿಲ್‌ನ ಹೆಂಡತಿ ತಮಿಳರಸಿ ಏಕೈಕ ಸದಸ್ಯೆ. ವೇದಸಂದೂರಿನ ತಂಗಿ ಕಳಿಸಿದ ಹರಳೆಣ್ಣೆಯನ್ನು ಮಂಡಳಿ ಅಂಗೀಕರಿಸಿತ್ತು. ಆದರೆ ನರ್ಸಮ್ಮ, ಅದನ್ನು ಕೊಟ್ಟರೆ ಮಿಕ್ಕಿದ್ದನ್ನು ನಾನೇ ಬಂದು ನಿಮಗೆ ಕುಡಿಸುತ್ತೇನೆ ಎಂದದ್ದರಿಂದ ಕೈಬಿಡಬೇಕಾಯಿತು. ಉಳಿದದ್ದು ಕಾವಲು. ಮಂಗಳವಾರವೂ ಹೆಂಡತಿ ಗೋಡೆ ಹಿಡಿದು ಹಿತ್ತಲ ಕಕ್ಕಸಿಗೆ ಹೋದ ಕೂಡಲೇ ಅಧ್ಯಕ್ಷರು ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು.

"ಮುನಿಯಮ್ಮಾ, ಬರ್ತೈತಾ?"

"ಏನು ಬರ್ತೈತೆ, ಕಂಬಂ ಬಸ್ಸಾ?"

"ತಿಣುಕಬೇಡ. ಡಾಕ್ಟರು ತಿಣುಕಬೇಡ ಅಂದವ್ರೆ."

"ನೀವು ಅತ್ಲಾಗೆ ಹೋಗಿ."

"ತಲೆ ಸುತ್ತಿ ಬಿದ್ರೆ? ನಾನು ಇಲ್ಲೇ ಇರ್ತೀನಿ. ನೀನು ನೆಮ್ಮದಿಯಾಗಿ ಕೂತ್ಕೊ." ಎರಡು ನಿಮಿಷ ಬಿಟ್ಟು, "ಆಯ್ತಾ?"

ಅರ್ಧ ಗಂಟೆಯ ಮೇಲೆ ಅವಳು ಬೆವತು ಹೊರಗೆ ಬಂದಳು. ಕೈ ಹಿಡಿದು ನಡೆಸುವಾಗ ಮಣಿಕಟ್ಟಿನ ಬಳೆ ಮೊಣಕೈವರೆಗೆ ಜಾರಿತು. ಅತ್ತರೆ ಅಧ್ಯಕ್ಷ ಪದವಿಗೆ ಶೋಭೆಯಲ್ಲವೆಂದು ಗೌಡರು, ನೀರು ಬಿಸಿಯಾಗಿಲ್ಲ ಎಂಬ ನೆಪದಲ್ಲಿ ಸೊಸೆಯನ್ನು ಬೈದರು.

ಮಲಗಿದ ಮುನಿಯಮ್ಮಾಳ್ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಎಳಿಲ್ ಅಪ್ಪಾ, ಪ್ಲಮ್ಸ್ ತಿಂದ್ರೆ ಆಗೋದಂತೆ."

"ಇದೋ, ತೇನಿ ಮಾರ್ಕೆಟ್ಟಿಗೆ ಹೋಗಿ ಬಂದ್ಬಿಡ್ತೀನಿ."

"ತೇನಿ ಪ್ಲಮ್ಸ್ ಆಗಕಿಲ್ಲ. ಹುಲ್ಲಲ್ಲಿಟ್ಟು ಹಣ್ಣು ಮಾಡಿರ್ತಾರೆ. ಕೊಡೈಕಾನಲ್ ಮ್ಯಾಲೆ ಮರದಲ್ಲೇ ಹಣ್ಣಾದ್ದು ಬೇಕು. ನೀವೇ ನೋಡಿ ಆರಿಸಿ ತರ್ಬೇಕು, ಬ್ಯಾರೆಯವ್ರಿಗೆ ಹಣ್ಣು ತಿಳಿಯಾಕಿಲ್ಲ."

ಎರಡು ತಿಂಗಳಿಂದ ಏನನ್ನೂ ಬಯಸದ ಹೆಂಡತಿ ಬಾಯಿಬಿಟ್ಟು ಕೇಳಿದ್ದಳು, ಅದೂ ಗಂಡನ ಜಾಣ್ಮೆಯನ್ನು ಹೊಗಳಿ. ಗೌಡರು ಬುಧವಾರ ಮೊದಲ ಬಸ್ಸಿಗೇ ಹೊರಟರು. ಹೋಗಲು ನಾಲ್ಕು ಗಂಟೆ. ಬೆಟ್ಟದ ಮೇಲೆ ಚಳಿಗೆ ಹಲ್ಲು ಕಟಕಟಿಸಿತು. ಹೆಣ್ಣು ನೋಡಲು ಬಂದವರಂತೆ ಒಂದೊಂದೇ ಹಣ್ಣನ್ನು ತಿರುಗಿಸಿ ನೋಡಿ, ಅಂಗಡಿಯವಳ ಸಹನೆ ಮುಗಿಸಿ, ಎರಡು ಕಿಲೋ ಆರಿಸಿಕೊಂಡರು.

ವಾಪಸ್ಸು ಬಸ್ಸು ಅರ್ಧ ಬೆಟ್ಟ ಇಳಿದಿತ್ತು. ತಮಿಳರಸಿಯ ಫೋನು ಬಂತು.

"ಮಾಮಾ, ಅತ್ತೆಗೆ ಆಯ್ತು."

"ಏನು?"

"ಅದೇ ಮಾಮಾ. ಚೆನ್ನಾಗೇ ಆಯ್ತು. ನರ್ಸಮ್ಮನಿಗೂ ಹೇಳ್ದೆ. ಶುಕ್ರವಾರ ಬಂದ್ಬಿಡಿ ಅಂದ್ರು."

ತಂಗವೇಲ್ ಗೌಡರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಕಂಡಕ್ಟರ್ ಓಡಿ ಬಂದ. "ಏನಿಲ್ಲಪ್ಪಾ, ಮನೆಯಲ್ಲಿ ತುಂಬ ಕಷ್ಟಪಟ್ಟು, ಈಗ ಆಯಿತಂತೆ" ಎಂದು ತಮಿಳಿನಲ್ಲಿ ಹೇಳಿದರು. ಮೊಮ್ಮಗನೋ ಮೊಮ್ಮಗಳೋ ಎಂದು ಅವನು ಕೇಳಿದ. ಶುಭಸುದ್ದಿ ಹೇಳಿ ಬರಿಬಾಯಲ್ಲಿ ಬಿಡುವ ವಂಶವಲ್ಲ ತಮ್ಮದು ಎಂದುಕೊಂಡು ಗೌಡರು ಚೀಲ ಬಿಚ್ಚಿ ಎಲ್ಲರಿಗೂ ಪ್ಲಮ್ಸ್ ಹಂಚಿದರು. ಡ್ರೈವರಿಗೆ ನಾಲ್ಕು. ಬೆಟ್ಟ ಇಳಿಯುವಷ್ಟರಲ್ಲಿ ಚೀಲ ಖಾಲಿ. ಕೆಲಸ ಆದಮೇಲೆ ಔಷಧಿ ಏತಕ್ಕೆ?

ಮನೆ ಸೇರಿದಾಗ ಸಂಜೆ. ಮುನಿಯಮ್ಮಾಳ್ ಜಗುಲಿಯ ಮೇಲೆ ಒರಗಿ ಕೂತಿದ್ದಳು, ಪಕ್ಕದಲ್ಲಿ ನೆರೆಮನೆಯ ಪಾಂಡಿಯಮ್ಮಾಳ್.

"ಹಣ್ಣು ಬರಾಕೆ ಮುಂಚೆಯೇ ಹೆಂಗಾಯ್ತು?" ಗೌಡರಿಗೆ ಸೋಜಿಗ.

ಪಾಂಡಿಯಮ್ಮಾಳ್ ಹೇಳಿದಳು: "ಗೌಡ್ರೇ, ಕಕ್ಕಸು ಕಟ್ಟಾಕೆ ಮುಂಚೆ ಕಾಲುವೆ ದಂಡೆಗೆ ನಾವಿಬ್ರೂ ಮೂವತ್ತು ವರುಷ ಜೊತೇಲಿ ಹೋದವ್ರು. ಮಾತಿಲ್ದೆ ನಮಗೆ ಆಗಾಕಿಲ್ಲ. ಬೆಳಿಗ್ಗೆ ಇವಳು ಒಳಗೆ ಕೂತ್ಳು, ನಾನು ಗೋಡೆ ಆಚೆ ಕೂತು ಊರ ಕತೆ ಹೇಳ್ದೆ. ಸರಸು ಮಗಳ ನಿಶ್ಚಯ ಮುರಿದ ಕತೆ ಮುಗಿಯೋ ಹೊತ್ಗೆ ಆಗೋಯ್ತು." (ಸಿರಪ್ಪಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಯಾರೂ ಕೊಡಲಿಲ್ಲ.)

"ಹಣ್ಣೆಲ್ಲಿ?" ಎಂದಳು ಮುನಿಯಮ್ಮಾಳ್.

"ಬಸ್ಸಲ್ಲಿ ಕೊಟ್ಬಿಟ್ಟೆ. ಆಯ್ತಲ್ಲ, ಇನ್ಯಾಕೆ ಅಂತ."

"ಎಲ್ಲಾನೂವಾ?" ಅವಳ ಮುಖ ಬಾಡಿತು. "ಹೊಟ್ಟೆ ಹಗುರಾದ ಮ್ಯಾಲೆ ಹುಳಿಯಾಗಿ ಏನಾರ ತಿನ್ನಾಣ ಅನ್ನಿಸ್ತು. ಮಧ್ಯಾಹ್ನದಿಂದ ಕಾಯ್ತಾ ಇವ್ನಿ."

ಎರಡು ತಿಂಗಳಲ್ಲಿ ಅವಳಿಗೆ ಬಂದ ಮೊದಲ ಹಸಿವು. ಅದನ್ನು ತಾವು ಕಂಡಕ್ಟರಿಗೆ ತಿನ್ನಿಸಿ ಬಂದಿದ್ದರು. ಗೌಡರಿಗೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳಬೇಕೆನ್ನಿಸಿತು.

"ನಾಳೆ ಮೊದಲ ಬಸ್ಸಿಗೇ ಕೊಡೈಗೆ ಹೋಗ್ತೀನಿ."

"ಕೊಡೈ ಯಾಕೆ? ತೇನಿ ಹಣ್ಣೇ ಸಾಕು."

"ನಿನ್ನೆ ಆಗಕಿಲ್ಲ ಅಂದೆ?"

"ನಿನ್ನೆ ಬೇಕಾಗಿದ್ದು ನೀವು ದೂರ ಇರೋದು. ಇವತ್ತು ಬೇಕಾಗಿರೋದು ಹಣ್ಣು."

ಗೌಡರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದರು. ಆರು ದಿನದಿಂದ ಅಡ್ಡ ಕೂತಿದ್ದ ಗಂಟು ಯಾವುದೆಂದು ಅವರಿಗೆ ಈಗ ತಿಳಿಯಿತು.

"ನಂಗೆ ಭಯ ಆಗಿತ್ತು ಮುನಿಯಮ್ಮಾ. ಅದಕ್ಕೇ ಬಾಗಿಲಲ್ಲಿ ಕೂತಿದ್ದು."

"ಗೊತ್ತು. ಅದಕ್ಕೇ ಬಯ್ಯದೆ ಬಸ್ಸು ಹತ್ತಿಸಿದ್ದು." ಅವಳು ಅವರ ಕೈಯ ಖಾಲಿ ಚೀಲವನ್ನು ತೆಗೆದುಕೊಂಡು ಮಡಚಿದಳು. "ಇನ್ನೂ ಐದು ಕೀಮೋ ಊಸಿ ಐತೆ. ಶುಕ್ರವಾರದ್ದಾದ ಮ್ಯಾಲೆ ನೀವು ವೇದಸಂದೂರು ತಂಗಿ ಮನೇಲಿ ನಾಲ್ಕು ದಿನ ಇದ್ದು ಬನ್ನಿ. ಕಡೇದು ಬಲವಾದ ಊಸಿಯಂತೆ. ಅದಕ್ಕೆ ರಾಮೇಶ್ವರ ನೋಡ್ಬಿಟ್ಟು ಬನ್ನಿ."