ಎರಡೂ ಸಿಲಿಂಡರಿಗೆ ಕುಂಕುಮ

ಗ್ಯಾಸಿನ ವಿಷಯದಲ್ಲಿ ಕೋಟೇಶ್ವರದಿಂದ ಬೈಂದೂರಿನವರೆಗೆ ನನ್ನಷ್ಟು ಜಾಗ್ರತೆಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಕಾಲ ಹೋದ ಭಾನುವಾರ ಮಧ್ಯಾಹ್ನ ಹನ್ನೆರಡೂ ಕಾಲಿಗೆ ಮುಗಿಯಿತು.

‘ಜಾಗ್ರತೆ’ ಎನ್ನುವುದು ನನ್ನ ಮಾತು. ನನ್ನ ಹೆಂಡತಿ ಪುಷ್ಪ ಅದಕ್ಕೆ ‘ಹೆದ್ರಿಕಿ’ ಎನ್ನುತ್ತಾಳೆ. ನಾನು ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಮ್ಯಾನೇಜರು. ಊರಿನವರಿಗೆ ‘ಐಸ್ ಮಂಜಣ್ಣ’. ಇಷ್ಟು ವರ್ಷ ತಣ್ಣಗಿನದ್ದರ ಜೊತೆ ಬದುಕಿದವನಿಗೆ ಬೆಂಕಿಯ ಸಹವಾಸ ಒಗ್ಗುವುದಾದರೂ ಹೇಗೆ? ಮನೆಯಲ್ಲಿ ಕುಕ್ಕರ್ ಎರಡನೇ ಸೀಟಿ ಹೊಡೆದರೆ ಸಾಕು, ನಾಯಿಗೆ ಊಟವಾಯಿತೇ ಎಂದು ನೋಡಲು ನಾನು ಅಂಗಳಕ್ಕೆ ಹೋಗುತ್ತೇನೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ.

ಇಂಥ ನಾನು ಎರಡೆರಡು ಸಿಲಿಂಡರ್ ಹೊತ್ತ ಗಾಡಿ ತಂದೆ! ಬ್ರಹ್ಮಾವರದ ಒಬ್ಬರು ಹಳೆಯ ಟೆಂಪೋ ಟ್ರಾವೆಲರಿನ ಸೀಟುಗಳನ್ನೆಲ್ಲ ಕಿತ್ತು, ಎರಡು ಮಂಚ, ಒಂದು ಸಿಂಕು, ಎರಡು ಬರ್ನರಿನ ಒಲೆ ಇಟ್ಟು ಅದನ್ನು ಮನೆಯಂತೆ ಮಾಡಿಕೊಂಡಿದ್ದರು. ಅವರಿಗೆ ಬೇಡವಾಯಿತು, ನನಗೆ ಬೇಕಾಯಿತು. ರಜೆಯಲ್ಲಿ ಸಂಸಾರವನ್ನು ಸಮುದ್ರದ ಬದಿಗೆ ಕರೆದೊಯ್ದು, ಪುಷ್ಪಳನ್ನು ಗಾಳಿಮರದ ನೆರಳಲ್ಲಿ ಮಹಾರಾಣಿಯಂತೆ ಕೂರಿಸಿ, ನಾನೇ ಅಡುಗೆ ಮಾಡಿ ಬಡಿಸಬೇಕೆಂಬುದು ನನ್ನ ಬಹುಕಾಲದ ಮಹತ್ವಾಕಾಂಕ್ಷೆ.

ಪುಷ್ಪ ಗಾಡಿಯನ್ನು ಒಂದು ಸುತ್ತು ಬಂದು ನೋಡಿದಳು. ಗಂಗೊಳ್ಳಿಯಿಂದ ಮೀನು ಒಯ್ದು ಊರೂರಲ್ಲಿ ಮಾರುವ ಗುಣಪಾಲ ಈ ಗಾಡಿಯ ಮೇಲೆ ಆಗಲೇ ಕಣ್ಣು ಹಾಕಿದ್ದ. ಅದು ಅವಳಿಗೂ ಗೊತ್ತಿತ್ತು.

“ಒಂದ್ ದಿನ ಬೈಂದೂರ್ ಕಡಲ್ ಬದಿಗೆ ಹೋಪ. ಅಣ್ಣಯ್ಯನ್ ಮನೆಯರೂ ಬರ್ಲಿ. ಅಡಿಗಿ ಪೂರಾ ನೀವೇ ಮಾಡ್ಕ್. ನಾನ್ ಒಲಿ ಮುಟ್ಟೂ ಹಾಂಗ್ ಆಯ್ತಾ, ಗಾಡಿ ಗುಣಪಾಲನಿಗೆ” ಎಂದಳು.

ನಾನು ಎದೆ ತಟ್ಟಿ ಒಪ್ಪಿದೆ. ಆದರೆ ಗಾಡಿಯ ಹಿಂಬದಿಯ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂತಿದ್ದ ಆ ಎರಡು ಸಿಲಿಂಡರುಗಳನ್ನು ಕಂಡಾಗಲೆಲ್ಲ ಅದೇ ಎದೆ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಮಾರಿದವರು ವಿವರಿಸಿದ್ದರು: ಎರಡರ ನಡುವೆ ಒಂದು ಹಿಡಿ ಇದೆ, ಅದರ ಮೇಲೊಂದು ಗಾಜಿನ ಕಣ್ಣು. ಒಂದು ಸಿಲಿಂಡರ್ ಮುಗಿದರೆ ಗ್ಯಾಸು ತನ್ನಷ್ಟಕ್ಕೆ ಇನ್ನೊಂದರಿಂದ ಬರುತ್ತದೆ. ಕಣ್ಣು ಹಸಿರಾಗಿದ್ದರೆ ಗ್ಯಾಸ್ ಇದೆ, ಕೆಂಪಾದರೆ ಮುಗಿದಿದೆ. ‘ತನ್ನಷ್ಟಕ್ಕೆ’ ಎಂಬ ಮಾತು ಕೇಳಿಯೇ ನಾನು ಬೆವರಿದೆ. ಗ್ಯಾಸು ನನ್ನನ್ನು ಕೇಳದೆ ಅತ್ತಿಂದಿತ್ತ ಓಡಾಡುವುದೆಂದರೇನು? ಆ ಒಕ್ಕಣ್ಣನನ್ನು ನಂಬುವುದಿಲ್ಲವೆಂದು ಅಂದೇ ತೀರ್ಮಾನಿಸಿ, ನನ್ನದೇ ಒಂದು ಕಾನೂನು ಜಾರಿಗೆ ತಂದೆ. ಗ್ಯಾಸ್ ಇರುವ ಸಿಲಿಂಡರಿಗೆ ದೊಡ್ಡದೊಂದು ಕುಂಕುಮದ ಬೊಟ್ಟು. ಖಾಲಿಯಾದ ಕೂಡಲೇ ಒದ್ದೆ ಬಟ್ಟೆಯಲ್ಲಿ ಬೊಟ್ಟು ಒರೆಸಿಬಿಡುವುದು. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಇದನ್ನು ಮೂರು ಸಲ ಬಾಯಿಪಾಠ ಮಾಡಿಸಿದೆ.

ಕಾನೂನು ಚೆನ್ನಾಗಿಯೇ ನಡೆಯಿತು. ತಿಂಗಳಿಡೀ ಅಂಗಳದಲ್ಲಿ ನಿಂತ ಗಾಡಿಯಲ್ಲೇ ದಾರಿಹೋಕರನ್ನೆಲ್ಲ ಕರೆದು ಚಹಾ ಕಾಯಿಸಿಕೊಟ್ಟೆ. ಎಡಗಡೆಯ ಸಿಲಿಂಡರ್ ಖಾಲಿಯಾಯಿತು. ಬೊಟ್ಟು ಒರೆಸಿದೆ. ಬಲಗಡೆಯದರಲ್ಲಿ ಮತ್ತೆ ಎರಡು ವಾರ ಚಹಾ ಸಾಗಿತು. ಎಡಗಡೆಯದನ್ನು ತುಂಬಿಸಲು ಪುಷ್ಪಳಿಗೆ ಹೇಳಿದ್ದೆ ಅಂತ ನನ್ನ ನೆನಪು. ಹೇಳಬೇಕು ಅಂತ ಅಂದುಕೊಂಡಿದ್ದೆನೋ ಏನೋ.

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ನಮ್ಮ ಅತ್ತೆ, ಅಂದರೆ ಪುಷ್ಪಳ ಅಮ್ಮ ಅಮ್ಮಣಿಯವರು, ಗಾಡಿಗೆ ಪೂಜೆ ಮುಗಿಸಿದ್ದರು. ಎಂಬತ್ತು ಸಮೀಪಿಸಿದ ಅವರಿಗೆ ನನ್ನ ಕಾನೂನು ಬಾಯಿಪಾಠವಾಗಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಚಕ್ರಕ್ಕೆ ನಿಂಬೆಹಣ್ಣು, ಗಾಜಿಗೆ ಗಂಧ, ನನ್ನ ಹಣೆಗೆ ಕಾಸಿನಗಲದ ಕುಂಕುಮ. ಹಿಂದಿನ ಪೆಟ್ಟಿಗೆ ತೆರೆದು ನೋಡಿದೆ. ನಡುವೆ ಸೇವಂತಿಗೆಯ ಮಾಲೆ, ಎರಡೂ ಸಿಲಿಂಡರಿನ ಮೇಲೆ ಝಗಝಗಿಸುವ ಬೊಟ್ಟು. ಅಬ್ಬಾ, ಪುಷ್ಪ ಸದ್ದಿಲ್ಲದೆ ತುಂಬಿಸಿಟ್ಟಿದ್ದಾಳೆ ಎಂದು ನನ್ನ ಕಣ್ಣು ತೇವವಾಯಿತು. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ?

ಹತ್ತೂವರೆಗೆ ಬೈಂದೂರಿನ ಕಡಲ ಬದಿಗೆ ಮುಟ್ಟಿದೆವು. ಪುಷ್ಪಳ ಅಣ್ಣ ಚಂದಯ್ಯ ತನ್ನ ಸಂಸಾರದೊಡನೆ ಮೊದಲೇ ಬಂದಿದ್ದ. ಬೋಟು ನಡೆಸುವ ಗಂಡಸು, ಅಲೆಗೂ ಅಂಜದವನು. ನಾನು ಸಿಲಿಂಡರುಗಳ ವಾಲ್ವನ್ನು ತಿರುಗಿಸುವಾಗ ಮುಖವನ್ನು ಆಚೆ ತಿರುಗಿಸಿಕೊಂಡದ್ದನ್ನು ಅವನು ನೋಡಿಬಿಟ್ಟ. ಎಲ್ಲರೂ ಮರದಡಿ ಚಾಪೆ ಹಾಸಿ ಕೂತರು. ಅತ್ತೆ ಮಾತ್ರ ಗಾಡಿಯೊಳಗೆ ಮಂಚದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕಾಲು ಚಾಚಿದರು. ನಾನು ಬಂಗುಡೆ ತೊಳೆದು, ಮಸಾಲೆ ಬೆರೆಸಿ, ಒಂದು ಬರ್ನರಿನಲ್ಲಿ ಅನ್ನ, ಇನ್ನೊಂದರಲ್ಲಿ ಮೀನು ಸಾರು ಏರಿಸಿದೆ.

ಹನ್ನೆರಡೂ ಕಾಲಿಗೆ ಉರಿ ಸಣ್ಣಗಾಯಿತು. ನೀಲಿ ಹೋಗಿ ಹಳದಿಯಾಯಿತು. ಎರಡು ಸಲ ಪುಕ್ ಪುಕ್ ಎಂದು ಆರಿಯೇ ಹೋಯಿತು. ಹಿಂದೆಯೇ ಮೂಗಿಗೆ ಗಪ್ಪೆಂದು ವಾಸನೆ.

ನನ್ನ ತಲೆ ಮಿಂಚಿನಂತೆ ಓಡಿತು. ಸಿಲಿಂಡರುಗಳೋ ಎರಡೂ ತುಂಬಿವೆ. ಒಲೆಯಲ್ಲೋ ಉರಿ ಇಲ್ಲ. ವಾಸನೆಯೋ ಇದೆ. ಹಾಗಾದರೆ ಎರಡು ಸಿಲಿಂಡರಿನ ಗ್ಯಾಸು ಎಲ್ಲಿಗೆ ಹೋಗುತ್ತಿದೆ? ನನ್ನ ಸುತ್ತಲೂ! “ಲೀಕ್! ಓಡಿ!” ಎಂದು ಕಿರುಚಿದ್ದು ನೆನಪಿದೆ. ಮುಂದೆ ನನಗೆ ತಿಳಿವಳಿಕೆ ಬಂದಾಗ ನಾನು ಸಮುದ್ರದಲ್ಲಿ ಮೊಣಕಾಲುದ್ದ ನೀರಿನಲ್ಲಿದ್ದೆ, ಕೈಯಲ್ಲಿ ಸಾರಿನ ಸೌಟಿತ್ತು. ಒಲೆಯ ನಾಬ್ ಮುಚ್ಚಿರಲಿಲ್ಲ, ವಾಲ್ವ್ ಮುಚ್ಚಿರಲಿಲ್ಲ, ಒಂದು ಚಪ್ಪಲಿಯೂ ಇರಲಿಲ್ಲ. ಆದರೂ ನಾಯಕತ್ವ ಬಿಡಲಿಲ್ಲ. ಚಂದಯ್ಯನ ಬೀಡಿ ಆರಿಸಿದೆ, ಎಲ್ಲರ ಮೊಬೈಲೂ ಬಂದ್ ಮಾಡಿಸಿದೆ, ಗಾಳಿಪಟ ಹಾರಿಸುತ್ತಿದ್ದ ಯಾರದೋ ಸಂಸಾರವನ್ನೂ ಅರ್ಧ ಮೈಲಿ ಹಿಂದಕ್ಕಟ್ಟಿದೆ.

ಆಗ ನನ್ನ ಮಗಳು ಮೋಕ್ಷಿತಾ ಸಣ್ಣ ದನಿಯಲ್ಲಿ ಕೇಳಿದಳು.

“ಅಪ್ಪಯ್ಯ, ಅಮ್ಮಮ್ಮ ಎಲ್ಲಿ?”

ಅತ್ತೆ ಗಾಡಿಯೊಳಗೇ ಇದ್ದರು! ಮಂಚಕ್ಕೂ ಒಲೆಗೂ ನಡುವೆ ಇದ್ದದ್ದು ಮೂರು ಹೆಜ್ಜೆ. ನಾನು ಓಡುವಾಗ ಅವರ ಚಾಚಿದ ಕಾಲನ್ನು ದಾಟಿಯೇ ಓಡಿರಬೇಕು. ಈಗ ಹೋಗಬೇಕೆಂದು ಮನಸ್ಸು ಹೇಳಿತು, ಕಾಲು ಕೇಳಲಿಲ್ಲ. ನಾನು ಕಾಲಿನ ಜೊತೆ ಚರ್ಚೆ ನಡೆಸುತ್ತಿರುವಾಗಲೇ ಪುಷ್ಪ ಸೀರೆ ಎತ್ತಿ ಕಟ್ಟಿ ಗಾಡಿಯತ್ತ ಓಡಿಯಾಗಿತ್ತು. ಅವಳು ಬಾಗಿಲೊಳಗೆ ಮರೆಯಾದಳು. ನಿಜ ಹೇಳುತ್ತೇನೆ, ನಗಬೇಡಿ: ಆ ಒಂದು ನಿಮಿಷ ನಾನು ಹೆದರಿದಷ್ಟು ಹುಟ್ಟಿದ ಮೇಲೆ ಯಾವತ್ತೂ ಹೆದರಿಲ್ಲ. ಗಾಡಿ ಹೋಗಲಿ, ಮಾನ ಹೋಗಲಿ, ಅವಳೊಬ್ಬಳು ಹೊರಗೆ ಬರಲಿ ಎಂದು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಅವಳು ಬಂದಳು. ಒಲೆಯ ನಾಬ್ ತಿರುಗಿಸಿ, ಕಿಟಕಿಗಳನ್ನೆಲ್ಲ ತೆರೆದು, ಹಿಂದೆ ಹೋಗಿ ಎರಡೂ ವಾಲ್ವ್ ಮುಚ್ಚಿ, ಅಮ್ಮನ ಕೈ ಹಿಡಿದು ನಡೆಸಿಕೊಂಡು ಬಂದಳು. ಅತ್ತೆ ಬಾಯಲ್ಲಿದ್ದ ಎಲೆ ಉಗುಳಿ, “ಎಂತ, ಊಟ ಆಯ್ತಾ?” ಎಂದು ಕೇಳಿದರು.

ಗ್ಯಾಸ್ ಏಜೆನ್ಸಿಗೆ ಚಂದಯ್ಯ ಫೋನ್ ಮಾಡಿದ. ನಾನು ಅವನನ್ನು ಇನ್ನೂ ನೂರು ಹೆಜ್ಜೆ ದೂರ ಕಳಿಸಿದ ಮೇಲೆ. ಅಷ್ಟರಲ್ಲಿ ಪುಷ್ಪ ಆಚೆ ತೆಂಗಿನ ತೋಟದ ಬದಿಯಲ್ಲಿ ಮೂರು ಕಲ್ಲು ಹೂಡಿ, ಬಿದ್ದ ಒಣ ಮಡಲು ಮುರಿದು ಒಟ್ಟಿ, ಅರ್ಧ ಬೆಂದ ಅನ್ನ ಸಾರುಗಳನ್ನು ತಂದು ಏರಿಸಿದ್ದಳು. ಬೆಂಕಿ ಬೇಡವೆಂದು ನಾನು ದೂರದಿಂದಲೇ ಸೌಟು ಬೀಸಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಸ್ಕೂಟರಿನಲ್ಲಿ ಬಂದ ಮೆಕ್ಯಾನಿಕ್ ವಿನಯಾ ಎಂಬ ಹುಡುಗಿ. ಸೋಪಿನ ನೀರು ಕಲಸಿ ಪೈಪು, ಜಾಯಿಂಟುಗಳಿಗೆಲ್ಲ ಹಚ್ಚಿದಳು. ಒಂದೇ ಒಂದು ಗುಳ್ಳೆ ಏಳಲಿಲ್ಲ. ನಾನು ಮರವೊಂದರ ಹಿಂದಿನಿಂದ, ಸರಿಯಾಗಿ ನೋಡಮ್ಮ, ಭಯಂಕರ ಲೀಕ್ ಎಂದು ಎಚ್ಚರಿಸಿದೆ. ಅವಳು ಎಡಗೈಯಲ್ಲಿ ಒಂದು ಸಿಲಿಂಡರ್ ಎತ್ತಿದಳು, ಇಟ್ಟಳು. ಇನ್ನೊಂದನ್ನೂ ಎತ್ತಿದಳು, ಇಟ್ಟಳು. ಸೇವಂತಿಗೆ ಮಾಲೆ ಸರಿಸಿದಳು. ಗಾಜಿನ ಕಣ್ಣು ಕೆಂಪಗೆ ನನ್ನನ್ನೇ ನೋಡುತ್ತಿತ್ತು.

“ಲೀಕ್ ಆಯ್ಕಾರೆ ಒಳ್ಗ್ ಎಂತಾರೂ ಇರ್ಕಲ್ದಾ? ಎರಡೂ ಖಾಲಿ. ಮುಗೀತಾ ಬಪ್ಪೊತ್ತಿಗೆ ವಾಸ್ನಿ ಜೋರ್ ಬತ್ತ್, ಅಷ್ಟೇ” ಎಂದಳು.

ಚಂದಯ್ಯ ಮರಳಿನ ಮೇಲೆ ಕೂತು ನಕ್ಕದ್ದನ್ನು ನಾನು ವರ್ಣಿಸುವುದಿಲ್ಲ. ಮತ್ತೆ ಈ ಬೊಟ್ಟು ಇಟ್ಟವರು ಯಾರು ಎಂದು ನಾನು ಗುಡುಗಿದೆ. ಗುಡುಗುವ ಹಕ್ಕು ನನಗೆ ಉಳಿದದ್ದು ಅದೊಂದೇ ವಿಷಯದಲ್ಲಿ.

“ನಾನೇ” ಎಂದರು ಅತ್ತೆ, ಸಮಾಧಾನದಿಂದ. “ಒಂದಕ್ ಹಚ್ಚಿ ಒಂದಕ್ ಬಿಟ್ರೆ ಹ್ಯಾಂಗ್ ಆತ್ತ್? ಎರಡೂ ನಮ್ ಹೊಟ್ಟಿ ತುಂಬ್ಸೂದೇ ಅಲ್ದಾ?”

ಎಲ್ಲರೂ ಬಾಳೆಲೆಯ ಮುಂದೆ ಕೂತರು. ಮಡಲಿನ ಹೊಗೆ ಹಿಡಿದ ಬಂಗುಡೆ ಸಾರು ಎಂದಿಗಿಂತ ರುಚಿಯಾಗಿತ್ತೆಂಬುದು ನನ್ನ ಗಾಯಕ್ಕೆ ಇನ್ನಷ್ಟು ಉಪ್ಪು. ಊಟದ ನಡುವೆಯೇ ಪುಷ್ಪಳಿಂದ ಗುಣಪಾಲನಿಗೆ ಫೋನ್ ಹೋಯಿತು. ಅವನು ಸಾಯಂಕಾಲವೇ ಬಂದು ಗಾಡಿ ನೋಡುತ್ತೇನೆಂದನಂತೆ.

ಕೈ ತೊಳೆದು ಬಂದ ಪುಷ್ಪ ಒದ್ದೆ ಬಟ್ಟೆ ಹಿಡಿದು ಸಿಲಿಂಡರಿನ ಪೆಟ್ಟಿಗೆಯ ಬಳಿ ಹೋದಳು. ಎಡಗಡೆಯ ಬೊಟ್ಟು ಒರೆಸಿದಳು, ಬಲಗಡೆಯ ಬೊಟ್ಟು ಒರೆಸಿದಳು. ಕಡೆಗಾದರೂ ನನ್ನ ಕಾನೂನಿಗೆ ಒಬ್ಬರು ಮರ್ಯಾದೆ ಕೊಟ್ಟರಲ್ಲ ಎಂದು ನಾನು ತಲೆ ಎತ್ತಿ ಕೂತೆ. ಅವಳು ನೇರ ನನ್ನ ಮುಂದೆ ಬಂದು ನಿಂತು, ಅದೇ ಬಟ್ಟೆಯಲ್ಲಿ ನನ್ನ ಹಣೆಯ ಕುಂಕುಮವನ್ನೂ ತಿಕ್ಕಿ ಒರೆಸಿದಳು.

ಅಯ್ಯೋ, ದೇವರ ಕುಂಕುಮ, ಅದನ್ನೆಂತಕ್ಕೆ ಒರೆಸಿದ್ದು ಎಂದು ಅತ್ತೆ ಗಾಬರಿಯಾದರು.

“ಖಾಲಿ ಇದ್ದದ್ದಕ್ಕೆ ಬೊಟ್ಟ್ ಇಪ್ಪುಕ್ ಆಗ, ಅಬ್ಬೆ” ಎಂದಳು ಪುಷ್ಪ. “ಕಾನೂನ್ ಇವ್ರದ್ದೇ.”