ನುಗ್ಗೆಕಾಯಿ ಬೆಣ್ಣೆಯಾಗಬೇಕಂತೆ!

ಕೋಪ ಬಂದರೆ ಜನ ಹೆಂಡತಿಯ ಮೇಲೆ ಹಾರಾಡುತ್ತಾರೆ, ಸರ್ಕಾರವನ್ನು ಬೈಯುತ್ತಾರೆ, ಏನೂ ಸಿಗದಿದ್ದರೆ ಬಾಗಿಲನ್ನು ಧಡಾರನೆ ಹಾಕುತ್ತಾರೆ. ನನಗೆ ಕೋಪ ಬರುವುದು ನುಗ್ಗೆಕಾಯಿಯ ಮೇಲೆ. ನಗಬೇಡಿ. ತರಕಾರಿಯಲ್ಲಿ ಎಷ್ಟು ಕೀಟನಾಶಕ ಉಳಿದಿದೆ ಎಂದು ನೋಡುವ, ಚಳ್ಳಕೆರೆಯ ಒಂದು ಪುಟ್ಟ ಖಾಸಗಿ ಲ್ಯಾಬಿನಲ್ಲಿ ನನ್ನ ಕೆಲಸ. ಹೇಳಿಕೊಳ್ಳುವುದು ವಿಜ್ಞಾನ, ಮಾಡುವುದು ರುಬ್ಬುವ ಚಾಕರಿ. ಬಂದ ತರಕಾರಿಯನ್ನು ಸಿಪ್ಪೆ ಸಮೇತ ರುಬ್ಬಿ, ಎಲ್ಲಿಂದ ಒಂದು ಚಮಚ ತೆಗೆದರೂ ಒಂದೇ ಥರ ಇರುವಂತೆ ಪೇಸ್ಟ್ ಮಾಡಿಕೊಡಬೇಕು. ಹನಿ ನೀರು ಸೇರಿಸುವಂತಿಲ್ಲ. ಸೇರಿದರೆ ಔಷಧಿಯ ಲೆಕ್ಕವೇ ತಪ್ಪುತ್ತದೆ. ಟೊಮೆಟೊ ಪಾಪ, ಹಾಕಿದ ಕೂಡಲೇ ಕರಗುತ್ತದೆ. ಆದರೆ ಊಟಕ್ಕೆ ಕೂತಾಗ ಅಗಿದು ಅಗಿದು ತಟ್ಟೆಯ ಪಕ್ಕಕ್ಕೆ ಹಾಕುತ್ತೇವಲ್ಲ ನುಗ್ಗೆಕಾಯಿಯ ನಾರು, ಅದೂ ಬೆಣ್ಣೆಯಂತಾಗಬೇಕಂತೆ! ಹೀಗೆಂದು ಅಪ್ಪಣೆ ಕೊಟ್ಟ ನಮ್ಮ ಮ್ಯಾನೇಜರು ಜನ್ಮದಲ್ಲಿ ಒಂದು ಚಟ್ನಿ ರುಬ್ಬಿದವರಲ್ಲ.

ಮೊನ್ನೆ ಪರಶುರಾಂಪುರದ ಓಬಕ್ಕ ಬೆಳಿಗ್ಗೆಯೇ ಒಂದು ಕಟ್ಟು ನುಗ್ಗೆಕಾಯಿ ತಂದರು. ಅವರ ಹೊಲದ ಕಾಯಿಯೆಲ್ಲ ಮಂಡಿಯಲ್ಲಿ ಬಿದ್ದಿತ್ತು. ನಮ್ಮ ವರದಿ ಇಲ್ಲದೆ ಸಂಜೆಯ ಲಾರಿಗೆ ಹತ್ತಿಸುವುದಿಲ್ಲ ಎಂದು ಕೊಳ್ಳುವವನು ಹಟ ಹಿಡಿದಿದ್ದ. "ಇವತ್ತು ತಪ್ಪಿದ್ರೆ ಬಾಡಿ ಕಡ್ಡಿ ಆಗ್ತಾವೆ ಸಾರ್, ಆಮೇಲೆ ಯಾರು ತಗೊಂತಾರೆ?" ಎಂದರು. ಅರ್ಧ ಕಟ್ಟು ಕತ್ತರಿಸಿ ಮಿಕ್ಸಿಗೆ ಹಾಕಿದೆ. ನಾರು ಬ್ಲೇಡಿಗೆ ಸುತ್ತಿಕೊಂಡಿತು. ಮಿಕ್ಸಿ ನರಳಿತು, ಹೊಗೆ ಬಿಟ್ಟಿತು, ಸತ್ತಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರಿಪೇರಿ ಅಂಗಡಿಗೆ ಓಡಿದರೆ, ಅಲ್ಲಿನ ರಫೀಕ್ ಭಾಯಿ ಮೂಸಿ ನೋಡಿ, "ಅರೇ ಸಾರ್, ಮೋಟಾರ್ ಖಲಾಸ್! ಇದ್ರಲ್ಲಿ ಚಟ್ನಿ ರುಬ್ಬಿದ್ರಾ, ಹಗ್ಗ ರುಬ್ಬಿದ್ರಾ?" ಎಂದು ನಾಲ್ಕು ಜನರ ಎದುರಿಗೆ ನಕ್ಕ. ಮ್ಯಾನೇಜರಿಗೆ ಫೋನ್ ಮಾಡಿದೆ. "ಎಲ್ಲಾದ್ರೂ ರುಬ್ಕೊಂಡು ಬನ್ರಿ, ಮಧ್ಯಾಹ್ನದೊಳಗೆ ಪೇಸ್ಟ್ ಬೇಕು" ಎಂದು ಇಟ್ಟೇಬಿಟ್ಟರು. ಎಲ್ಲಾದರೂ ಅಂದರೆ ಎಲ್ಲಿ? ಹಿಟ್ಟಿನ ಗಿರಣಿಯಲ್ಲೋ? ಮೈಯೆಲ್ಲ ಉರಿದುಹೋಯಿತು. ಉಳಿದ ಅರ್ಧ ಕಟ್ಟು ಹಿಡಿದುಕೊಂಡು ಮನೆಗೆ ಹೋದೆ.

ಮನೆಯಲ್ಲಿ, ಮೊಳಕಾಲ್ಮೂರಿನಿಂದ ಬಂದಿದ್ದ ಅತ್ತೆ ಒಬ್ಬರೇ ಇದ್ದರು. ನಮ್ಮ ಮನೆಯ ಮಿಕ್ಸಿ ಸ್ವಲ್ಪ ಗಟ್ಟಿ ಜೀವದ್ದು. ಕಾಯಿಯನ್ನು ಕತ್ತರಿಯಲ್ಲಿ ಚೂರುಚೂರು ಮಾಡಿ, ಇಷ್ಟಿಷ್ಟೇ ಹಾಕಿ, ಸುತ್ತಿಕೊಂಡ ನಾರು ಬಿಡಿಸಿ, ಬೈದು, ರುಬ್ಬಿ, ಮತ್ತೆ ಬೈದು, ಅಂತೂ ಪೇಸ್ಟ್ ಆಯಿತು. ಎಂಥ ಪೇಸ್ಟ್ ಅಂತೀರಿ! ಬಟ್ಟಲಿಗೆ ತೆಗೆದಿಡುವಷ್ಟರಲ್ಲಿ ಮ್ಯಾನೇಜರ ಫೋನ್ ಬಂತು. ಹೊರಗೆ ಹೋಗಿ "ಆಯ್ತು ಸಾರ್, ಈಗ ತಂದೆ" ಎಂದು ಹೇಳಿ ಒಳಗೆ ಬಂದರೆ, ಬಟ್ಟಲಿನಲ್ಲಿ ಪೇಸ್ಟ್ ಇಲ್ಲ, ಹಸಿರು ಸಾರು! ಅತ್ತೆ ಜಾರಿಗೆ ನೀರು ಹಾಕಿ ಕುಲುಕಿ, ಅದನ್ನು ಬಟ್ಟಲಿಗೇ ಸುರಿದಿದ್ದರು.

"ಜಾರಿನ ತುಂಬಾ ಅಂಟ್ಕೊಂಡಿತ್ರಿ ಅಳಿಯಂದ್ರೇ. ದಂಡ ಆಗ್ಬಾರ್ದು ಅಂತ ತೊಳ್ದು ಹಾಕ್ದೆ. ಹದ ಸರಿಯಾಗೈತಾ ನೋಡ್ರಿ."

ನಮ್ಮ ಕಡೆ ಯಾವ ಮನೆಯಲ್ಲಿ ಮಿಕ್ಸಿ ಜಾರು ತೊಳೆದ ನೀರನ್ನು ಚೆಲ್ಲುತ್ತಾರೆ, ನೀವೇ ಹೇಳಿ. ಅವರದೇನೂ ತಪ್ಪಿಲ್ಲ. ಆದರೆ ನನ್ನ ತಲೆ ಸಿಡಿಯುತ್ತಿತ್ತು. ಅವ್ವ ಆಗಿದ್ದರೆ ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದೆ. ಅತ್ತೆಯ ಮೇಲೆ ಕೂಗಾಡುವುದುಂಟೇ? "ಪರವಾಗಿಲ್ಲ ಬಿಡ್ರಿ" ಎಂದು ಹಲ್ಲು ಕಚ್ಚಿಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿಗೆ ಜಾಡಿಸಿ ಒದ್ದೆ. ಕಲ್ಲಿಗೇನೂ ಆಗಲಿಲ್ಲ. ಕುಂಟುತ್ತಲೇ ಓಬಕ್ಕನಿಗೆ ಫೋನ್ ಮಾಡಿದೆ.

ಇನ್ನೊಂದು ಕಟ್ಟು ಹೊತ್ತುಕೊಂಡು ಅವರು ಆಟೋದಲ್ಲಿ ಬಂದರು. "ಒಂದು ಕಟ್ಟು ಕಾಯಿ ತಗೊಂಡೋಗಿ ಸಾರು ಮಾಡ್ಕೊಂಡ್ರಾ ಸಾರ್? ಲಾರಿಯೋನು ಕಾಯಲ್ಲ ಅಂತ ಕುಂತವ್ನೆ!" ಎಂದು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟರು. ನಾನು ಅತ್ತೆಯ ಕಡೆ ತಿರುಗಿ, ಆದಷ್ಟು ಮೆತ್ತಗೆ, "ಒಂದು ಹನಿ ನೀರು ಬಿದ್ರೂ ಇವರ ಬೆಳೆ ಹೋಯ್ತು ಅಂತ ತಿಳ್ಕೊಳ್ರಿ" ಎಂದು ಪಾಠ ಹೇಳಿದೆ. ಅತ್ತೆ ತಲೆಯಾಡಿಸಿದರು.

ಜಾರನ್ನು ಒಣಬಟ್ಟೆಯಲ್ಲಿ ಒರೆಸಿಕೊಂಡೆ. ಮತ್ತೆ ಕತ್ತರಿ, ಮತ್ತೆ ನಾರು. ರುಬ್ಬುತ್ತಾ ಮ್ಯಾನೇಜರನ್ನು ಬೈದೆ, ರಫೀಕನ ನಗುವನ್ನು ಬೈದೆ, ನುಗ್ಗೆ ಗಿಡ ನೆಡುವುದನ್ನು ಕಂಡುಹಿಡಿದವನ ವಂಶವನ್ನೇ ಬೈದೆ. ಪೇಸ್ಟನ್ನು ಬಟ್ಟಲಿಗೆ ತೆಗೆದ ಮೇಲೂ ಬೈಗುಳ ಮುಗಿದಿರಲಿಲ್ಲ. ಅಷ್ಟರಲ್ಲಿ ಅತ್ತೆ ನನ್ನ ಮುಂಗೈಯನ್ನು ಗಬಕ್ಕನೆ ಹಿಡಿದುಕೊಂಡರು.

"ಆಗಂಡಿ, ಆಗಂಡಿ!" ಗಾಬರಿಯಾದರೆ 'ನಿಲ್ಲಿ' ಅನ್ನುವುದೂ ಅವರ ಬಾಯಲ್ಲಿ ತೆಲುಗಿನಲ್ಲೇ ಬರುವುದು. "ಏನ್ ಮಾಡ್ತಿದೀರಿ ಅಳಿಯಂದ್ರೇ?"

ನೋಡಿಕೊಂಡೆ. ಕೈಯಲ್ಲಿದ್ದ ಜಾರು ಬಟ್ಟಲಿನ ಮೇಲೆ ವಾಲಿತ್ತು, ಅದರೊಳಗೆ ಅರ್ಧ ಲೋಟ ನೀರಿತ್ತು. ಯಾವಾಗ ಹಾಕಿದೆನೋ, ಯಾವಾಗ ಕುಲುಕಿದೆನೋ, ದೇವರಾಣೆಗೂ ಗೊತ್ತಿಲ್ಲ. ಓಬಕ್ಕ ದಡಕ್ಕನೆ ಎದ್ದು ಬಟ್ಟಲನ್ನು ಕಿತ್ತುಕೊಂಡರು. "ನಿಮ್ಮ ಕೈಗೆ ಇನ್ನ ಕೊಡಲ್ಲ, ನಡೀರಿ" ಎಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ನನ್ನ ಬೈಕಿನ ಹಿಂದೆ ಕೂತು ಲ್ಯಾಬಿಗೆ ಬಂದರು. ವರದಿ ಸರಿಯಾಗಿ ಬಂತು. ಸಂಜೆ ಅವರ ಕಾಯಿ ಲಾರಿ ಹತ್ತಿತು.

ಮ್ಯಾನೇಜರು ಪೇಸ್ಟ್ ನೋಡಿ ಮೊದಲ ಸಲ ನನ್ನ ಬೆನ್ನು ತಟ್ಟಿದರು. "ಹನಿ ನೀರಿಲ್ಲ ಕಣ್ರಿ! ಇಷ್ಟು ಎಚ್ಚರಿಕೆ ಈಗಿನ ಕಾಲದಲ್ಲಿ ಯಾರಿಗಿರುತ್ತೆ?"

ಅತ್ತೆ ಹಿಡಿದಿದ್ದ ಮುಂಗೈ ಇನ್ನೂ ಕೆಂಪಗಿತ್ತು. ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು, "ನಮ್ಮ ಕೆಲಸ ನಾವೇ ನೋಡ್ಕೋಬೇಕಲ್ಲ ಸಾರ್" ಎಂದೆ.