ಎಂಜಿನ್ನಿನೊಳಗಿನ ನತ್ತು

ಮುಚ್ಚಿದ್ದನ್ನು ಬಿಚ್ಚಿ ನೋಡುವುದು ಗುರುನಾಥನ ಹುಟ್ಟುಗುಣ. ಚಿಕ್ಕವನಿದ್ದಾಗ ಗೋಡೆ ಗಡಿಯಾರ ಬಿಚ್ಚಿದ್ದ, ಮದುವೆಯಾದ ಹೊಸತರಲ್ಲಿ ಮಾವ ಕೊಟ್ಟ ಮಿಕ್ಸರ್ ಬಿಚ್ಚಿದ್ದ. ಈಗ ಬೈಲಹೊಂಗಲದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ, ನಲವತ್ತು ದಾಟಿದ ಮೇಲೆ, ಒಂದು ಹಳೇ ಕಾರು ಕೊಂಡಿದ್ದ. ಇನ್ನು ಕೇಳಬೇಕೆ?

ಆ ಕಾರಿನ ಸಲುವಾಗಿಯೇ ಹೆಂಡತಿ ಮಾಲಾ ಮುನಿಸಿಕೊಂಡು ಸಿರಸಂಗಿಯ ತವರು ಸೇರಿ ಎಂಟು ದಿನವಾಗಿತ್ತು. ಎಷ್ಟೋ ಬೇಡಿಕೊಂಡ ಮೇಲೆ, “ರವಿವಾರ ಹನ್ನೆರಡಕ್ಕ ಅದ ಗಾಡಿ ತಗೊಂಡು ಬರ್ರಿ. ದಾರ್ಯಾಗ ಕೆಡಲಿಲ್ಲಂದ್ರ ಬರತೇನಿ” ಎಂದಿದ್ದಳು. ಎಂಟು ದಿನ ತನ್ನದೇ ಕೈಯಡುಗೆ ತಿಂದ ಗುರುನಾಥನಿಗೆ ಅವಳು ಮನೆಗೆ ಬರುವುದೊಂದು ಬಿಟ್ಟರೆ ಬೇರೆ ಆಸೆ ಇರಲಿಲ್ಲ.

ರವಿವಾರ ಬೆಳಿಗ್ಗೆ ಗಾಡಿ ದಾರಿಯಲ್ಲಿ ಕೆಡಬಾರದೆಂದು ಅಂಗಳದಲ್ಲಿ ಬಾನೆಟ್ ಎತ್ತಿದ. ಏರ್ ಫಿಲ್ಟರಿನ ಮುಚ್ಚಳದ ನಟ್ಟು ಬಿಚ್ಚಿ, ಫಿಲ್ಟರ್ ತೆಗೆದು ಧೂಳು ಕೊಡವಿದ. ಅದರ ಕೆಳಗೆ ಎಂಜಿನ್ನು ಉಸಿರೆಳೆದುಕೊಳ್ಳುವ ಕತ್ತಲ ಬಾಯಿಯೊಂದು ಕಂಡಿತು. ಇದು ಎಲ್ಲಿಗೆ ಹೋಗುತ್ತದೆ? ಬಗ್ಗಿ ಇಣುಕಿದ. ಬೆರಳ ಸಂದಿಯಲ್ಲಿದ್ದ ನಟ್ಟಿಗೂ ಅದೇ ಕುತೂಹಲ ಹುಟ್ಟಿತೋ ಏನೋ, ಟಿಣ್ಣೆಂದು ಒಳಗೆ ಹೋಯಿತು.

ಗಾಬರಿಯಿಂದ ಮಿಸ್ತ್ರಿ ಶಟ್ಟೆಪ್ಪನಿಗೆ ಫೋನ್ ಮಾಡಿ ಕೂಗಿದ. “ಎಂಜಿನ್ನಿನಾಗ ನಟ್ಟು ಬಿದ್ದೈತೋ ಶಟ್ಟೆಪ್ಪಾ! ಲಗೂ ಬಾರಪಾ!”

“ಚಾಲೂ ಮಾಡಬ್ಯಾಡ್ರಿ ಸರ. ಬಂದೆ!”

ಪಕ್ಕದ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದ ರಾಚವ್ವನ ಕಿವಿಗೆ ಈ ಕೂಗು ಬಿತ್ತು. ರಾಚವ್ವನ ಕಿವಿ ಮಂದವೇನಲ್ಲ. ಹೇಳಿದ್ದಕ್ಕಿಂತ ಸ್ವಾರಸ್ಯವಾದದ್ದನ್ನು ಕೇಳಿಸಿಕೊಳ್ಳುವ ಜಾತಿಯದು, ಅಷ್ಟೇ. ಕೆಳಗಿನಿಂದ ಹೊರಟ ನಟ್ಟು ಮಾಳಿಗೆ ಏರುವಷ್ಟರಲ್ಲಿ ನತ್ತು ಆಯಿತು. ಹೆಂಡತಿ ಊರಲ್ಲಿಲ್ಲದವನ ಗಾಡಿಯಲ್ಲಿ ನತ್ತು! ಅವಳು ಸಂಡಿಗೆ ಹಿಟ್ಟಿನ ಕೈಯಲ್ಲೇ ಫೋನ್ ಒತ್ತಿದಳು.

ಐದೇ ನಿಮಿಷದಲ್ಲಿ ಸಿರಸಂಗಿಯಿಂದ ಕರೆ ಬಂತು.

“ಏನ್ರಿ, ಗಾಡ್ಯಾಗ ಯಾರದೋ ನತ್ತು ಬಿದ್ದೈತಂತ?”

“ನತ್ತು ಅಲ್ಲ ಮಾಲಾ, ನಟ್ಟು!”

“ನಾನೂ ಅದನ್ನ ಕೇಳಾಕತ್ತೇನಿ. ಯಾರದು?”

“ಯಾರದಂದ್ರ? ಗಾಡೀದು!”

“ಗಾಡಿ ಯಾವಾಗಿಂದ ನತ್ತು ಇಟ್ಕೊಳ್ಳಾಕತ್ತೈತ್ರಿ?”

“ಅಯ್ಯ, ಟ! ಟ! ಟೊಮೆಟೊ ಟ!”

“ಓಹೋ, ಆಕಿ ಟೊಮೆಟೊ ಕೊಡಾಕ ಬಂದಿದ್ಳೇನು? ಆತು ಬಿಡ್ರಿ, ನಾ ಇಲ್ಲೇ ಇರತೇನಿ.”

ಯೋಚಿಸುವ ಮೊದಲೇ ಮಾತು ಗುರುನಾಥನ ಬಾಯಿಂದ ಹೊರಬಿದ್ದಿತ್ತು. “ನಿಂದ ಅದು! ನಿನಗಂತ ನತ್ತು ತಂದಿದ್ದೆ. ಇವತ್ತ ಕೊಡೂಣಂತ ಕಿಸೇದಾಗ ಇಟ್ಕೊಂಡಿದ್ದೆ, ಬಗ್ಗಿದಾಗ ಬಿತ್ತು.”

“ನತ್ತು? ನನಗ?”

“ಹೂಂ, ನಿನಗ.”

“ನೀವೇನ ಬರೂದು ಬ್ಯಾಡ. ನಾನ ಬಸ್ಸಿಗೆ ಬರತೇನಿ. ಆ ನತ್ತು ನಾ ನೋಡಬೇಕು.”

ಸಂತೋಷಕ್ಕೆ ಅವಳಿಗೆ ಇಷ್ಟು ಅವಸರ ಎಂದುಕೊಂಡ ಗುರುನಾಥ. ಆದರೆ ನತ್ತು ಎಲ್ಲಿದೆ? ಬಜಾರಕ್ಕೆ ಓಡಿದ. ಪತ್ತಾರರ ಅಂಗಡಿಯಲ್ಲಿ ಕೆಂಪು ಹರಳಿನ ಬಂಗಾರದ ನತ್ತೊಂದನ್ನು ಕೊಂಡು, ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಬಂದ.

ಅಷ್ಟರಲ್ಲಿ ಅಂಗಳ ತುಂಬಿತ್ತು. ಓಣಿಯ ಹೆಂಗಸರೆಲ್ಲ ಬಾನೆಟ್ಟಿನ ಸುತ್ತ ನೆರೆದಿದ್ದರು. ಶಟ್ಟೆಪ್ಪ ತಂತಿಯ ತುದಿಗೆ ಕಟ್ಟಿದ ಚುಂಬಕವನ್ನು ಮೇಲೆತ್ತಿ ತೋರಿಸಿದ. “ಸಿಕ್ಕಿತ್ರಿ ಸರ!”

“ಇದು ನಟ್ಟೋ ತಮ್ಮಾ,” ಎಂದಳು ರಾಚವ್ವ, ಸ್ಪಷ್ಟವಾಗಿ. “ನತ್ತು ಎಲ್ಲಿ?”

ಎರಡು ತಾಸಿನ ಹಿಂದೆ ಈ ಮಾತು ಆಡಿದ್ದರೆ ಗುರುನಾಥ ಅವಳ ಕಾಲಿಗೆ ಬೀಳುತ್ತಿದ್ದ. ಈಗ ನಿಜ ಹೇಳಿದರೆ ಮಾಲಾಳ ಮುಂದೆ ಸುಳ್ಳುಗಾರನಾಗಬೇಕು. “ನತ್ತೂ ಒಳಗ ಐತ್ರಿ ರಾಚವ್ವಕ್ಕ. ಮಾಲಾಗಂತ ತಂದಿದ್ದೆ,” ಎಂದ.

“ಮಾಲಾಗ?” ರಾಚವ್ವ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಉಳಿದ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಹೊಟ್ಟೆಕಿಚ್ಚು ಎಂದುಕೊಂಡ ಗುರುನಾಥ.

“ಒಳಗ ಏನೂ ಇಲ್ರಿ ಸರ, ಬ್ಯಾಟರಿ ಬೆಳಕು ಬಿಟ್ಟು ನೋಡೇನಿ,” ಎಂದ ಶಟ್ಟೆಪ್ಪ.

“ನಾ ನೋಡತೇನಿ ತಡಿ.” ಗುರುನಾಥ ಬಗ್ಗಿದ, ಮುಷ್ಟಿ ಸಡಿಲಿಸಿದ. ಟಿಣ್! “ಅಗೋ, ಅಲ್ಲೇ ಐತಲ್ಲೋ!”

ಶಟ್ಟೆಪ್ಪ ಮತ್ತೆ ಚುಂಬಕ ಇಳಿಬಿಟ್ಟ. ಅದು ಬರಿಗೈಯಲ್ಲಿ ಮೇಲೆ ಬಂತು. ಬಂಗಾರಕ್ಕೆ ಚುಂಬಕದ ಹಂಗೇನು? ರಾಚವ್ವ ಬೆಲ್ಲದ ಪಾಕ ಹುಯ್ಯಲು ಹೇಳಿದಳು. ಇನ್ನೊಬ್ಬಳು ಗಾಡಿಯನ್ನೇ ಬೋರಲು ಹಾಕಿ ಕೊಡವಲು ಹೇಳಿದಳು. ಶಟ್ಟೆಪ್ಪ ಯಾರ ಮಾತೂ ಕೇಳದೆ ತಂತಿಯ ತುದಿಗೆ ಗ್ರೀಸ್ ಮೆತ್ತಿ, ಉಸಿರು ಬಿಗಿಹಿಡಿದು ಒಳಗಿಳಿಸಿದ. ಮೂರನೇ ಸಲಕ್ಕೆ ನತ್ತು ಮೈಯೆಲ್ಲ ಕರಿ ಬಳಿದುಕೊಂಡು ಹೊರಗೆ ಬಂತು. ಅದೇ ಹೊತ್ತಿಗೆ ಗೇಟು ಸದ್ದಾಯಿತು. ಮಾಲಾ ಬ್ಯಾಗು ಹಿಡಿದು ನಿಂತಿದ್ದಳು.

ಗುರುನಾಥನಿಗೆ ಜೀವ ಬಂದಂತಾಯಿತು. ಇಸ್ತ್ರಿ ಅಂಗಿಯಲ್ಲೇ ನತ್ತನ್ನು ಒರೆಸಿ ಅವಳ ಮುಂದೆ ಹಿಡಿದ. “ತಗೋ ಮಾಲಾ, ಹಾಕ್ಕೋ.”

ಮಾಲಾ ನತ್ತನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಮುಖವನ್ನು ಅವನ ಹತ್ತಿರ ತಂದಳು.

“ಎಲ್ಲಿ ಹಾಕ್ಕೊಳ್ಳಿ, ತೋರಸ್ರಿ.”

ಹನ್ನೊಂದು ವರ್ಷದ ಸಂಸಾರದಲ್ಲಿ ಗುರುನಾಥ ಮೊದಲ ಸಲ ಹೆಂಡತಿಯ ಮೂಗನ್ನು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎಲ್ಲೂ ತೂತಿರಲಿಲ್ಲ.

“ನಾ ಮೂಗು ಚುಚ್ಚಿಸಿಲ್ಲಂತ ಓಣಿಗೆಲ್ಲಾ ಗೊತ್ತೈತಿ,” ಎಂದಳು ಮಾಲಾ. “ಈಗರ ಖರೇ ಹೇಳ್ರಿ. ಈ ನತ್ತು ಯಾರದು?”

ಗುರುನಾಥ ಅಂಗೈಯ ನತ್ತನ್ನೇ ನೋಡಿದ. ಬೇರೆ ದಾರಿ ಕಾಣದೆ ಖರೇನೇ ಹೇಳಿದ.

“ಅದು ನತ್ತು ಅಲ್ಲ ಮಾಲಾ. ನಟ್ಟು.”

ಅವನ ಅಂಗೈಯಲ್ಲಿ ಕೆಂಪು ಹರಳು ಮಿಣಕ್ಕೆಂದು ಹೊಳೆಯಿತು. ಮಾಲಾ ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಸಿರಸಂಗಿಯ ಬಸ್ಸು ಮತ್ತೆ ಎಷ್ಟು ಗಂಟೆಗೆ ಎಂದು ರಾಚವ್ವನನ್ನು ಕೇಳಿದಳು.